ಕನ್ನಡದ ಶಬ್ದರೂಪಗಳಲ್ಲಿ ವ್ಯವಸ್ಥೆ-ಅವ್ಯವಸ್ಥೆಗಳ ಸಾಮ್ಯ

೧

ಕನ್ನಡವನ್ನು ಕಲಿಯುವ ಬಾಲಕನು ಹತ್ತುಹತ್ತಾಗಿ ನೂರರ ಕಡೆಗೆ ಎಣಿಸುವಾಗ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು ಎಂದು ಒಂಬತ್ತು ಪದಗಳನ್ನು ಹೇಳುತ್ತಾನೆ. ಈ ಒಂಬತ್ತರಲ್ಲಿಯೂ ಇರತಕ್ಕ ದಶವಾಚಕವು ಒಂದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಮೊದಲನೆಯದರಲ್ಲಿ ಹಕಾರದಿಂದಲೂ, ಇಪ್ಪತ್ತು ಎಪ್ಪತ್ತುಗಳಲ್ಲಿ ದ್ವಿತ್ವವನ್ನು ಹೊಂದಿದ ಪಕಾರದಿಂದಲೂ, ಮೂವತ್ತು ಮೊದಲಾದ ನಾಲ್ಕರಲ್ಲಿ ವಕಾರದಿಂದಲೂ, ಎಂಬತ್ತು ತೊಂಬತ್ತುಗಳಲ್ಲಿ ಬಕಾರದಿಂದಲೂ ಕೂಡಿ, ನಾಲ್ಕು ವೇಷಗಳಿಂದ ತೋರಿಕೊಳ್ಳುತ್ತದೆ. ಒಂದೇ ಅರ್ಥಕ್ಕೆ ನಾಲ್ಕು ರೂಪಗಳೇಕೆ ಎಂದು ಬಾಲಕನು ಕೇಳಿದರೆ, ‘ಹಾಗೆಯೇ ರೂಢಿ’ ಎಂದು ಹೇಳಿ ಉಪಾಧ್ಯಾಯನು ಮುಂದಕ್ಕೆ ಹೋಗುವುದುಂಟು.

ಈ ಪ್ರಶ್ನೆಯು ಅಲ್ಪವಾಗಿ ತೋರಿದರೂ ಇದರ ಹಿಂದೆ ಒಂದು ದೊಡ್ಡ ವಿಚಾರವು ಅಡಗಿದೆ. ಅಸಂಖ್ಯಾತ ಅಂಗಗಳು ಒಂದಕ್ಕೊಂದು ತೊಡಕಿಕೊಂಡು, ಒಬ್ಬ ನಿಯಾಮಕನ ಅಪ್ಪಣೆಯಿಲ್ಲದೆಯೇ ನಡೆಯತಕ್ಕ ಸಮುದಾಯಕ್ಕೆ ಸಂಕೀರ್ಣವ್ಯೂಹವೆಂದು ಹೆಸರಿಡಬಹುದು. ಕಾಡು, ಸಂತೆ, ವಾಯುಮಂಡಲ ಇವೆಲ್ಲವೂ ಇಂತಹ ವ್ಯೂಹಗಳು. ಇವುಗಳ ಅಧ್ಯಯನವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರತ್ಯೇಕವಾದ ಒಂದು ಶಾಖೆಯಾಗಿ ಬೆಳೆಯಿತು. ಭಾಷೆಯೂ ಇದೇ ಜಾತಿಯದು. ಕೋಟ್ಯಂತರ ಜನರು ಅದನ್ನು ಆಡುತ್ತಾರೆ. ಅವರಲ್ಲಿ ಒಬ್ಬನೂ ಅದನ್ನು ನಿರ್ಮಿಸಿದವನಲ್ಲ. ಇಂತಹ ವ್ಯೂಹಗಳಲ್ಲಿ ವ್ಯವಸ್ಥೆ ಮತ್ತು ಅವ್ಯವಸ್ಥೆಗಳು ಪರಸ್ಪರ ಶತ್ರುಗಳೆಂದೂ, ಒಂದು ಹೆಚ್ಚಿದಷ್ಟು ಮತ್ತೊಂದು ಕುಗ್ಗುವುದೆಂದೂ ಸಾಮಾನ್ಯವಾದ ಭಾವನೆ. ಆದರೆ ಕನ್ನಡದ ಶಬ್ದರೂಪಗಳ ಚರಿತ್ರೆಯನ್ನು ಪರಿಶೀಲಿಸಿದರೆ ವ್ಯವಸ್ಥೆಯೇ ಅವ್ಯವಸ್ಥೆಯನ್ನು ಹೆರುತ್ತದೆ, ಅವ್ಯವಸ್ಥೆಯೇ ವ್ಯವಸ್ಥೆಯನ್ನು ಕಟ್ಟುತ್ತದೆ ಎಂಬುದು ವಿದಿತವಾಗುವುದು. ಅದನ್ನು ಉದಾಹರಣೆಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶ.

೨

ನಿಯಮಕ್ಕೂ ನಿಯಮಭಂಗಕ್ಕೂ ಇರುವ ಸಂಬಂಧವನ್ನು ನಮ್ಮ ದೇಶದ ವೈಯಾಕರಣರು ಬಹು ಪೂರ್ವದಲ್ಲಿಯೇ ವಿಚಾರಿಸಿದ್ದಾರೆ. ಪಾಣಿನಿಯ ಅಷ್ಟಾಧ್ಯಾಯಿಯು ಸುಮಾರು ೪೦೦೦ ಸೂತ್ರಗಳ ಗ್ರಂಥ. ಅದರಲ್ಲಿ ವ್ಯಾಪಕವಾದ ವಿಧಿಗೆ ಉತ್ಸರ್ಗವೆಂದೂ, ಅದನ್ನು ಅಲ್ಪಪ್ರದೇಶದಲ್ಲಿ ಬಾಧಿಸತಕ್ಕ ವಿಧಿಗೆ ಅಪವಾದವೆಂದೂ ಸಂಪ್ರದಾಯವು ಹೆಸರಿಟ್ಟಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಅಪವಾದವು ನಿಯಮದ ಅಭಾವವಲ್ಲ, ಅದೂ ಒಂದು ನಿಯಮವೇ, ಕ್ಷೇತ್ರ ಮಾತ್ರ ಚಿಕ್ಕದು. ಹೀಗೆ ಮೇಲುನೋಟಕ್ಕೆ ಅವ್ಯವಸ್ಥೆಯಾಗಿ ಕಂಡುದನ್ನು ಒಳಗಿನ ವ್ಯವಸ್ಥೆಯಾಗಿ ವಿವರಿಸುವುದು ಆ ಶಾಸ್ತ್ರದ ಮುಖ್ಯ ಉಪಾಯ.

ಹೀಗಿದ್ದರೂ ಪಾಣಿನಿಯು ಸರ್ವವನ್ನೂ ನಿಯಮದೊಳಗೆ ತುರುಕುವ ಹಟವನ್ನು ಹಿಡಿಯಲಿಲ್ಲ. ವಿಧಿಯು ಕೆಲವೆಡೆ ಪ್ರವರ್ತಿಸಿ ಕೆಲವೆಡೆ ಪ್ರವರ್ತಿಸದಿರುವಲ್ಲಿ ‘ಬಹುಲ’ವೆಂಬ ಮಾತನ್ನು ಇಟ್ಟನು. ಯಾವ ಪ್ರಕ್ರಿಯೆಯಿಂದಲೂ ಸಾಧಿಸಲಾಗದ ಪೃಷೋದರಾದಿ ಶಬ್ದಗಳನ್ನು ಶಿಷ್ಟರು ಹೇಗೆ ಆಡುವರೋ ಹಾಗೆಯೇ ಸಾಧುಗಳೆಂದು ಒಪ್ಪಿಕೊಂಡನು. ಪತಂಜಲಿಯು ಮಹಾಭಾಷ್ಯದಲ್ಲಿ ಕೊಡುವ ದೃಷ್ಟಾಂತವು ಪ್ರಸಿದ್ಧವಾದುದು: ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುತ್ತಾನೆ, ಶಬ್ದ ಬೇಕಾದವನು ಹಾಗೆ ವೈಯಾಕರಣನ ಮನೆಗೆ ಹೋಗುವುದಿಲ್ಲ. ಶಬ್ದಗಳು ಲೋಕದಲ್ಲಿಯೇ ಇವೆ. ಶಾಸ್ತ್ರವು ಅವುಗಳ ಬೆನ್ನ ಹಿಂದೆ ಬರುತ್ತದೆ ಎಂಬುದು ಇದರ ತಾತ್ಪರ್ಯ.

ಆದರೆ ಅದೇ ಪತಂಜಲಿಯು ಗೋಶಬ್ದಕ್ಕೆ ಜನರು ಆಡುವ ಗಾವೀ, ಗೋಣೀ ಮೊದಲಾದ ರೂಪಗಳನ್ನು ಅಪಭ್ರಂಶಗಳೆಂದು ಎಣಿಸುತ್ತಾನೆ. ಅಪಭ್ರಂಶವೆಂದರೆ ಜಾರಿ ಬಿದ್ದುದು. ಸಾಧುಶಬ್ದವು ಒಂದು, ಜಾರಿದವು ಹಲವು ಎಂಬ ಈ ದೃಷ್ಟಿಯು ಪಾಠಶಾಲೆಗಳಲ್ಲಿ ಬೇರೂರಿ ಇಂದಿಗೂ ನಿಂತಿದೆ. ಶಬ್ದವು ಏಕೆ ಜಾರುತ್ತದೆ, ಜಾರುವುದರಲ್ಲಿಯೂ ಒಂದು ಕ್ರಮವುಂಟೇ ಎಂಬ ಪ್ರಶ್ನೆಯನ್ನು ಆ ದೃಷ್ಟಿಯು ಎತ್ತುವುದಿಲ್ಲ.

೩

ಜಾರುವುದರಲ್ಲಿಯೂ ಕ್ರಮವುಂಟು ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಪಂಡಿತರು ಸ್ಥಾಪಿಸಿದರು. ಸಂಸ್ಕೃತಾದಿ ಭಾಷೆಗಳ ಪಕಾರ, ತಕಾರ, ಕಕಾರಗಳು ಜರ್ಮಾನಿಕ್ ವರ್ಗದ ಭಾಷೆಗಳಲ್ಲಿ ಕ್ರಮವಾಗಿ ಫ, ಥ, ಹಗಳಾಗುವುದನ್ನು ೧೮೨೨ರಲ್ಲಿ ಯಾಕೋಬ್ ಗ್ರಿಮ್ ವಿವರಿಸಿದನು. ಈ ನಿಯಮಕ್ಕೆ ಅಪವಾದಗಳು ಬಹಳವಾಗಿದ್ದವು. ಭ್ರಾತೃ ಶಬ್ದಕ್ಕೆ ಸಮವಾದ ಗಾತಿಕ್ ಶಬ್ದದಲ್ಲಿ ತಕಾರವು ನಿಯಮದಂತೆ ಥ ಆಗಿದ್ದರೆ, ಪಿತೃ ಶಬ್ದಕ್ಕೆ ಸಮವಾದುದರಲ್ಲಿ ಅದೇ ತಕಾರವು ದ ಆಗಿತ್ತು. ೧೮೭೦ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರನು ಇದರ ಗುಟ್ಟನ್ನು ವೇದದ ಸ್ವರದಲ್ಲಿ ಕಂಡನು. ಭ್ರಾತೃ ಶಬ್ದವು ಆದ್ಯುದಾತ್ತ. ಪಿತೃ ಶಬ್ದವು ಅಂತೋದಾತ್ತ. ಜರ್ಮಾನಿಕ್ ಭಾಷೆಗಳಲ್ಲಿ ಆ ಸ್ವರವು ಲೋಪವಾಗಿ ಎಷ್ಟೋ ಕಾಲವಾಗಿದ್ದರೂ ಅದರ ಗುರುತು ವ್ಯಂಜನದ ಮೇಲೆ ನಿಂತಿತ್ತು. ಋಗ್ವೇದವನ್ನು ಸ್ವರಸಹಿತವಾಗಿ ಕಾಪಾಡಿಕೊಂಡು ಬಂದ ಅಧ್ಯಾಪಕರ ಪರಂಪರೆಯಿಂದ, ಅವರು ಕಂಡುಕೇಳದ ಭಾಷೆಯೊಂದರ ತೊಡಕು ಬಿಡಿಸಲ್ಪಟ್ಟಿತು. ಈ ಬಲದಿಂದಲೇ ೧೮೭೮ರಲ್ಲಿ ಓಸ್ತಾಫ್ ಮತ್ತು ಬ್ರುಗ್ಮಾನ್ ಎಂಬ ಪಂಡಿತರು ಧ್ವನಿನಿಯಮಗಳಿಗೆ ಅಪವಾದವೇ ಇಲ್ಲವೆಂದು ಸಾರಿದರು.

ಕನ್ನಡದ ಧ್ವನಿಪರಿವರ್ತನೆಗಳು ಈ ಮಾತಿಗೆ ಒಳ್ಳೆಯ ನಿದರ್ಶನಗಳಾಗಿವೆ. ಎ. ಎನ್. ನರಸಿಂಹಯ್ಯನವರು ೧೯೪೧ರಲ್ಲಿಯೂ, ಜಿ. ಎಸ್. ಗಾಯಿಯವರು ೧೯೪೬ರಲ್ಲಿಯೂ ಪ್ರಕಟಿಸಿದ ಶಾಸನಭಾಷೆಯ ವ್ಯಾಕರಣಗಳಿಂದ ಪೂರ್ವದ ಹಳಗನ್ನಡದ ಸ್ಥಿತಿಯು ಸ್ಪಷ್ಟವಾಗಿದೆ. ಪದಾದಿಯ ಪಕಾರವು ಹತ್ತನೆಯ ಶತಮಾನದ ಸುಮಾರಿಗೆ ಹಕಾರವಾಗತೊಡಗಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಆ ಮಾರ್ಪಾಡು ಬಹುಮಟ್ಟಿಗೆ ಪೂರ್ಣವಾಯಿತು. ಪಾಲ್ ಎಂಬುದು ಹಾಲು, ಪುಲಿ ಎಂಬುದು ಹುಲಿ, ಪೂ ಎಂಬುದು ಹೂ, ಪೋಗು ಎಂಬುದು ಹೋಗು, ಪೆಸರ್ ಎಂಬುದು ಹೆಸರು ಆದವು. ಅದಕ್ಕೆ ಮುನ್ನವೇ ಕನ್ನಡದೊಳಗೆ ಬೆರೆತಿದ್ದ ತದ್ಭವಗಳೂ ಈ ಗಾಣಕ್ಕೆ ಸಿಕ್ಕಿದವು: ಪಕ್ಷಿಯಿಂದ ಬಂದ ಪಕ್ಕಿ ಹಕ್ಕಿಯಾಯಿತು, ಪರ್ವದಿಂದ ಬಂದ ಪಬ್ಬ ಹಬ್ಬವಾಯಿತು. ಪಾಠ, ಪೂಜೆ, ಪುಸ್ತಕ ಮೊದಲಾದ ತತ್ಸಮಗಳು ಸಂಸ್ಕೃತದ ನಿರಂತರ ಸಂಪರ್ಕದಿಂದ ತಮ್ಮ ಪಕಾರವನ್ನು ಉಳಿಸಿಕೊಂಡವು. ಅಪ್ಪ, ಉಪ್ಪು, ಕೆಂಪು, ತಂಪು ಇವುಗಳಲ್ಲಿ ಪಕಾರವು ಪದಾದಿಯಲ್ಲಿ ಇಲ್ಲದ ಕಾರಣ ನಿಯಮದ ಪ್ರವೃತ್ತಿಯೇ ಇಲ್ಲ.

ಎರಡನೆಯ ನಿಯಮವು ಒತ್ತಕ್ಷರಗಳಿಗೆ ಸಂಬಂಧಪಟ್ಟುದು. ರಕಾರ ಅಥವಾ ೞಕಾರದ ಮೇಲೆ ಮತ್ತೊಂದು ವ್ಯಂಜನವು ಬಂದಲ್ಲಿ ಮೊದಲನೆಯದು ಲೋಪವಾಗಿ ಎರಡನೆಯದು ಇಮ್ಮಡಿಸಿತು. ಪೆರ್ಚು ಹೆಚ್ಚಾಯಿತು, ಕರ್ಚು ಕಚ್ಚಾಯಿತು, ಮರ್ದು ಮದ್ದಾಯಿತು, ಕೞ್ತೆ ಕತ್ತೆಯಾಯಿತು. ಮದ್ದಿಗೂ ಕತ್ತೆಗೂ ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲ. ಆದರೂ ಎರಡಕ್ಕೂ ಒಂದೇ ಗತಿಯಾಯಿತು. ಇದೇ ಧ್ವನಿನಿಯಮದ ಸ್ವಭಾವ: ಅದು ಧ್ವನಿಯನ್ನು ಮಾತ್ರ ಕಾಣುತ್ತದೆ, ಅರ್ಥಕ್ಕೆ ಕುರುಡು. ಕುರುಡಾಗಿರುವುದರಿಂದಲೇ ಅದು ಪಕ್ಷಪಾತವಿಲ್ಲದೆ ಕ್ರಮಬದ್ಧವಾಗಿ ನಡೆಯುತ್ತದೆ.

೪

ಇನ್ನು ಆರಂಭದ ಸಂಖ್ಯಾಪದಗಳನ್ನು ವಿಚಾರಿಸಬಹುದು. ಹಳಗನ್ನಡದಲ್ಲಿ ದಶವಾಚಕವು ಪತ್ತು. ಪದಾದಿಯಲ್ಲಿ ಒಂಟಿಯಾಗಿ ನಿಂತುದರಿಂದ ಅದು ಮೊದಲನೆಯ ನಿಯಮದಂತೆ ಹತ್ತು ಆಯಿತು. ಸಮಾಸದಲ್ಲಿ ಪಕಾರಕ್ಕೆ ಸ್ಥಳಾನುಸಾರವಾಗಿ ವಕಾರ ಬಕಾರಗಳು ಬರುವುದು ಆದೇಶಸಂಧಿಯನ್ನು ಓದಿದವರಿಗೆಲ್ಲ ಗೊತ್ತಿದೆ. ಆ ಪ್ರಕಾರ ಮೂವತ್ತು, ನಾಲ್ವತ್ತು, ಅಯ್ವತ್ತು, ಅಱುವತ್ತುಗಳೂ, ಅನುನಾಸಿಕದಿಂದ ಪರವಾದಲ್ಲಿ ಎಣ್ಬತ್ತು, ತೊಂಬತ್ತುಗಳೂ ಸಿದ್ಧಿಸಿದವು. ಗಂಗವಾಡಿ ತೊಂಬತ್ತಱುಸಾಸಿರವೆಂಬ ಶಾಸನಪ್ರಸಿದ್ಧವಾದ ಹೆಸರಿನಲ್ಲಿ ಈ ಬಕಾರವನ್ನು ಕಾಣಬಹುದು. ಇರ್ಪತ್ತು, ಎೞ್ಪತ್ತುಗಳು ಕತ್ತೆ ಮದ್ದುಗಳ ದಾರಿಯನ್ನೇ ಹಿಡಿದು ಇಪ್ಪತ್ತು, ಎಪ್ಪತ್ತು ಆದವು. ಒಂಬತ್ತು ಎಂಬುದರ ಕೊನೆಯಲ್ಲಿಯೂ ಇದೇ ಪತ್ತು ಅಡಗಿದೆ; ಹತ್ತಕ್ಕೆ ಒಂದು ಕಡಮೆ ಎಂಬುದು ಅದರ ಮೂಲಾರ್ಥ.

ಆದುದರಿಂದ ನಾಲ್ಕು ರೂಪಗಳಲ್ಲಿ ಒಂದಾದರೂ ಅಕಸ್ಮಾತ್ತಾಗಿ ಬಂದುದಲ್ಲ. ಒಂದೊಂದೂ ತನ್ನ ತನ್ನ ನಿಯಮಕ್ಕೆ ತಪ್ಪದೆ ನಡೆದ ಕಾರಣದಿಂದಲೇ ಒಂದು ಕುಟುಂಬವು ನಾಲ್ಕು ಮನೆಯಾಯಿತು. ನಿಯಮಗಳು ಶಿಥಿಲವಾಗಿದ್ದಿದ್ದರೆ, ಪತ್ತು ಎಲ್ಲ ಕಡೆಯಲ್ಲಿಯೂ ಪತ್ತಾಗಿಯೇ ಉಳಿದು, ಎಣಿಕೆಯ ಸಾಲು ಒಪ್ಪವಾಗಿರುತ್ತಿತ್ತು.

ಕ್ರಿಯಾಪದಗಳಲ್ಲಿ ಈ ವಿಷಯವು ಇನ್ನೂ ವಿಶದವಾಗುತ್ತದೆ. ಹಳಗನ್ನಡದ ಬೀೞ್ ಧಾತುವಿಗೆ ಬಿೞ್ದಂ, ಏೞ್ ಧಾತುವಿಗೆ ಎೞ್ದಂ, ಅೞ್ ಧಾತುವಿಗೆ ಅೞ್ತಂ ಎಂದು ಭೂತರೂಪಗಳು. ಧಾತುವೂ ಪ್ರತ್ಯಯವೂ ಬೇರೆಬೇರೆಯಾಗಿ ಕಣ್ಣಿಗೆ ಕಾಣುವಂಥ ಸರಳವಾದ ರಚನೆ ಇದು. ಬಳಿಕ ಎರಡು ನಿಯಮಗಳು ಇವುಗಳ ಮೇಲೆ ಬಿದ್ದವು. ಒತ್ತಿನಲ್ಲಿದ್ದ ೞಕಾರವು ಲೋಪಹೊಂದಿ ಬಿದ್ದ, ಎದ್ದ, ಅತ್ತ ಎಂದಾದವು. ಒಂಟಿಯಾಗಿದ್ದ ೞಕಾರವು ಳಕಾರದೊಡನೆ ಬೆರೆತು ಬೀಳು, ಏಳು, ಅಳು ಎಂದಾದವು. ಈಗ ಬೀಳು ಎಂಬುದರಿಂದ ಬಿದ್ದ ಹೇಗೆ ಬಂದಿತೆಂಬುದನ್ನು ಹೊಸಗನ್ನಡದ ಯಾವ ಸೂತ್ರದಿಂದಲೂ ಹೇಳಲಾಗದು, ಬಾಯಿಪಾಠ ಮಾಡಬೇಕು. ವ್ಯವಸ್ಥೆಯು ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡಿ ಮುಗಿಸಿದ ಮೇಲೆ ಉಳಿದುದು ಅವ್ಯವಸ್ಥೆ.

ಇದು ಇಲ್ಲಿಗೆ ನಿಂತಿಲ್ಲ. ಹಳೆಯ ಮೈಸೂರು ಸೀಮೆಯ ಅನೇಕ ಹಳ್ಳಿಗಳ ಆಡುಮಾತಿನಲ್ಲಿ ಪದಾದಿಯ ಹಕಾರವೂ ಬಿದ್ದುಹೋಗಿ ಹಾಲು ಆಲಾಗಿದೆ, ಹೋಗು ಓಗಾಗಿದೆ. ಪೇಟೆಯವರು ಇದನ್ನು ಕೇಳಿ ನಗುವುದುಂಟು. ಆದರೆ ಪಾಲನ್ನು ಹಾಲು ಮಾಡಿದ ದಾರಿಯಲ್ಲಿಯೇ ಹಳ್ಳಿಗನ ನಾಲಗೆಯು ಮತ್ತೊಂದು ಹೆಜ್ಜೆಯನ್ನು ಇಟ್ಟಿದೆ. ಮೊದಲನೆಯ ಹೆಜ್ಜೆಯು ಗ್ರಂಥಕ್ಕೆ ಏರಿತು, ಎರಡನೆಯದು ಏರಲಿಲ್ಲ, ಭೇದವು ಇಷ್ಟೇ.

೫

ಇದೇ ರೀತಿಯಲ್ಲಿ ನಿಯಮಗಳು ಸಾವಿರ ವರ್ಷ ನಡೆದರೆ ಶಬ್ದಕುಟುಂಬಗಳೆಲ್ಲ ಒಡೆದು, ಪ್ರತಿಯೊಂದು ರೂಪವನ್ನೂ ಬೇರೆಬೇರೆಯಾಗಿ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದೀತು. ಹಾಗೆ ಆಗದಂತೆ ತಡೆಯತಕ್ಕ ಶಕ್ತಿಯೊಂದು ಇರಬೇಕು. ಅದಕ್ಕೆ ಸಾದೃಶ್ಯವೆಂದು ಹೆಸರು.

ಹಳಗನ್ನಡದ ಬಾೞ್ ಧಾತುವಿನ ಭೂತರೂಪ ಬಾೞ್ದಂ ಎಂದಿತ್ತು. ಬೀೞ್ ಧಾತುವಿನ ನೆರೆಯವನೇ ಇದು. ಆದರೆ ಇಂದು ಬಾಳಿದ ಎನ್ನುತ್ತಾರೆ. ಇದು ಧ್ವನಿನಿಯಮದಿಂದ ಬಂದ ರೂಪವಲ್ಲ. ಮಾಡು-ಮಾಡಿದ, ಓಡು-ಓಡಿದ ಎಂಬ ದೊಡ್ಡ ಸಾಲು ಮೊದಲೇ ಇತ್ತು. ಕೇಳ್ದಂ ಎಂಬುದು ಆ ಸಾಲಿಗೆ ಎಳೆಯಲ್ಪಟ್ಟು ಕೇಳಿದ ಆಯಿತು. ಆಳ್ದಂ ಎಂಬುದು ಆಳಿದ ಆಯಿತು. ೞಕಾರವು ಳಕಾರವಾದ ಮೇಲೆ ಬಾಳು ಎಂಬುದೂ ಕೇಳು, ಆಳುಗಳಂತೆಯೇ ಕಿವಿಗೆ ಬೀಳತೊಡಗಿತು. ಕೇಳು ಎಂಬುದಕ್ಕೆ ಕೇಳಿದ ಆಗುವುದಾದರೆ ಬಾಳು ಎಂಬುದಕ್ಕೆ ಬಾಳಿದ ಏಕಾಗಬಾರದು ಎಂದು ಜನರ ಮನಸ್ಸು, ತನಗೇ ಅರಿವಿಲ್ಲದಂತೆ, ತ್ರೈರಾಶಿಕದ ಲೆಕ್ಕವನ್ನು ಹಾಕಿತು.

ಸಾದೃಶ್ಯದ ನಡೆಯು ಧ್ವನಿನಿಯಮದ ನಡೆಗೆ ತೀರ ವಿರುದ್ಧವಾದುದು. ಧ್ವನಿನಿಯಮವು ಅರ್ಥವನ್ನು ಕಾಣದು. ಸಾದೃಶ್ಯವು ಅರ್ಥಸಂಬಂಧವನ್ನು ಹಿಡಿದೇ ನಡೆಯುತ್ತದೆ. ಮೊದಲನೆಯದು ಊರಿಗೆ ಊರನ್ನೇ ನೆನೆಸುವ ಮಳೆ. ಎರಡನೆಯದು ಒಂದು ಮನೆಯ ಸೂರನ್ನು ಹೊದಿಸಿ ಪಕ್ಕದ ಮನೆಯನ್ನು ಬಿಟ್ಟುಬಿಡುವ ಕೆಲಸಗಾರ. ಬಾಳು ಎಂಬುದನ್ನು ಸರಿಪಡಿಸಿದ ಸಾದೃಶ್ಯವು ಬೀಳು, ಏಳು, ಅಳುಗಳನ್ನು ಮುಟ್ಟಲಿಲ್ಲ. ಬೀಳಿದ, ಏಳಿದ ಎಂಬ ರೂಪಗಳು ಸಿದ್ಧಿಸಲಿಲ್ಲ. ಕಣ್ ಪನಿ ಎಂಬವು ಸೇರಿ ಕಂಬನಿಯಾದುದನ್ನು ಹಾಗೆಯೇ ಉಳಿಸಿ, ಹೊಸದಾಗಿ ಸಮಾಸ ಮಾಡುವಲ್ಲಿ ಹನಿ ಎಂಬ ರೂಪವನ್ನು ತೆಗೆದುಕೊಂಡು ಮಳೆಹನಿ ಎಂದಿತು. ಇಪ್ಪತ್ತು ಮೂವತ್ತುಗಳನ್ನು ಬಿಟ್ಟು, ಹತ್ತು ಸಾವಿರ, ನೂರ ಹತ್ತು ಎಂಬಲ್ಲಿ ಹತ್ತನ್ನು ನಿಲ್ಲಿಸಿತು. ತೊಂಬತ್ತು ಎಂಬುದರಲ್ಲಿ ಇದೇ ಸೆಳೆತದ ಹಳೆಯ ಗುರುತೊಂದು ಇರುವಂತೆ ತೋರುತ್ತದೆ. ಏತಕ್ಕೆಂದರೆ ತಮಿಳಿನಲ್ಲಿ ಅದೇ ಸಂಖ್ಯೆಗೆ ತೊಣ್ಣೂಱು ಎಂದು ಹೆಸರಿದ್ದು, ಅಲ್ಲಿ ಉತ್ತರಪದವು ನೂರೇ ಹೊರತು ಹತ್ತಲ್ಲ.

ಹೀಗೆ ಎರಡು ಶಕ್ತಿಗಳೂ ತಲೆಕೆಳಗಾದ ಫಲವನ್ನು ಕೊಡುತ್ತವೆ. ಧ್ವನಿಪರಿವರ್ತನೆಯು ಕ್ರಮದಿಂದ ನಡೆದು ಅಕ್ರಮವನ್ನು ಉಂಟುಮಾಡುತ್ತದೆ; ಸಾದೃಶ್ಯವು ಅಕ್ರಮದಿಂದ ನಡೆದು ಕ್ರಮವನ್ನು ಉಂಟುಮಾಡುತ್ತದೆ. ಈ ವಿರೋಧಾಭಾಸವನ್ನು ೧೯೪೭ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞನಾದ ಎಡ್ಗರ್ ಸ್ಟರ್ಟೆವಂಟನು ಸಂಗ್ರಹವಾಗಿ ನಿರೂಪಿಸಿದನು. ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

೬

ಸಾದೃಶ್ಯವು ಯಾವ ಶಬ್ದವನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದರಲ್ಲಿ ಒಲವೇನಾದರೂ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಹೊಸಗನ್ನಡದ ಅಕ್ರಮ ಕ್ರಿಯಾಪದಗಳನ್ನು ಒಂದೆಡೆ ಬರೆದು ನೋಡಿದರೆ ಉತ್ತರವು ತಾನಾಗಿ ಹೊಳೆಯುತ್ತದೆ. ಬಾ-ಬಂದ, ತರು-ತಂದ, ಹೋಗು-ಹೋದ, ಕೊಡು-ಕೊಟ್ಟ, ತಿನ್ನು-ತಿಂದ, ಕಾಣು-ಕಂಡ, ಬೀಳು-ಬಿದ್ದ, ಏಳು-ಎದ್ದ, ಅಳು-ಅತ್ತ. ಇವೆಲ್ಲವೂ ಸೂರ್ಯೋದಯದಿಂದ ಮಲಗುವವರೆಗೆ ಪ್ರತಿ ಮನೆಯಲ್ಲಿಯೂ ನೂರಾರು ಸಲ ಬಾಯಿಗೆ ಬರುವ ಮಾತುಗಳು. ರೈತನ ಮಾತಿನಲ್ಲಿ ಉಳು ಎಂಬುದಕ್ಕೆ ಉತ್ತ ಎಂಬ ಹಳೆಯ ರೂಪವು ಗಟ್ಟಿಯಾಗಿ ನಿಂತಿರುವುದೂ ಇದೇ ಕಾರಣದಿಂದ. ಪದೇ ಪದೇ ಕೇಳಿದ ರೂಪವನ್ನು ನೆನಪು ಹಿಡಿದುಕೊಳ್ಳುತ್ತದೆ. ವಿರಳವಾಗಿ ಕೇಳಿದುದನ್ನು ಬೇಕಾದಾಗ ಸಾಲನ್ನು ನೋಡಿ ಕಟ್ಟಿಕೊಳ್ಳಬೇಕಾಗುತ್ತದೆ.

ಈ ಒಲವನ್ನು ಅಳೆದು ನೋಡಿದವರೂ ಉಂಟು. ಇಂಗ್ಲಿಷಿನ ಸುಮಾರು ೧೨೦೦ ವರ್ಷಗಳ ಚರಿತ್ರೆಯನ್ನು ಕುರಿತು ಎರೆಜ್ ಲೀಬರ್‌ಮನ್ ಮತ್ತು ಅವನ ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪ್ರಾಚೀನ ಇಂಗ್ಲಿಷಿನಲ್ಲಿ ಅಕ್ರಮವಾಗಿದ್ದ ೧೭೭ ಕ್ರಿಯಾಪದಗಳನ್ನು ಹಿಂಬಾಲಿಸಿದರು. ಮಧ್ಯಕಾಲದ ಇಂಗ್ಲಿಷಿನಲ್ಲಿ ಅವುಗಳಲ್ಲಿ ೧೪೫ ಅಕ್ರಮವಾಗಿಯೇ ಉಳಿದಿದ್ದವು. ಈಗಿನ ಇಂಗ್ಲಿಷಿನಲ್ಲಿ ೯೮ ಉಳಿದಿವೆ. ಒಂದು ಕ್ರಿಯಾಪದದ ಬಳಕೆಯು ಮತ್ತೊಂದರ ಬಳಕೆಗಿಂತ ೧೦೦ ಪಾಲು ಕಡಮೆಯಾಗಿದ್ದರೆ, ಅದು ೧೦ ಪಾಲು ಬೇಗನೆ ಕ್ರಮಕ್ಕೆ ಬರುತ್ತದೆಂದು ಅವರ ಗಣನೆಯಿಂದ ತಿಳಿದುಬಂದಿತು.

ಇದರಿಂದ ಒಂದು ಮುಖ್ಯವಾದ ವಿಷಯವು ಸಿದ್ಧವಾಗುತ್ತದೆ. ಒಂದೊಂದು ಶಬ್ದದ ಭವಿಷ್ಯವನ್ನು ಮುಂದಾಗಿ ಹೇಳಲಾಗದು. ಆದರೆ ಶಬ್ದಗಳ ಸಮುದಾಯದ ನಡೆಯಲ್ಲಿ ಅಳೆಯಬಹುದಾದ ಕ್ರಮವೊಂದಿದೆ. ಅಂಗಗಳಲ್ಲಿ ಅನಿಶ್ಚಯ, ಅಂಗಿಯಲ್ಲಿ ಸ್ಥೈರ್ಯ: ಸಂಕೀರ್ಣವ್ಯೂಹಗಳ ಲಕ್ಷಣವೇ ಇದು. ಯಾರೂ ಲೆಕ್ಕವಿಟ್ಟು ಸಮತೋಲನವನ್ನು ನಿಲ್ಲಿಸುವುದಿಲ್ಲ. ಮಾತನಾಡುವ ಪ್ರತಿಯೊಬ್ಬನೂ ತನ್ನ ನಾಲಗೆಯ ಸುಖವನ್ನೂ, ಕೇಳುವವನ ತಿಳಿವನ್ನೂ, ತನ್ನ ನೆನಪಿನ ಶಕ್ತಿಯನ್ನೂ ಅನುಸರಿಸಿ ನಡೆಯುತ್ತಾನೆ. ಈ ಮೂರರ ಎಳೆದಾಟದಿಂದ ಭಾಷೆಯು ಒಂದು ಹದದಲ್ಲಿ ನಿಲ್ಲುತ್ತದೆ. ಸಾಂಖ್ಯರು ಮೂರು ಗುಣಗಳ ಪೂರ್ಣಸಾಮ್ಯದಲ್ಲಿ ಸೃಷ್ಟಿಯಿಲ್ಲವೆಂದೂ, ಅದು ಕದಡಿದಾಗಲೇ ಸೃಷ್ಟಿಯು ತೊಡಗುವುದೆಂದೂ ಹೇಳುತ್ತಾರೆ. ಭಾಷೆಯ ಸಾಮ್ಯವೂ ನಿಶ್ಚಲವಾದ ಸಾಮ್ಯವಲ್ಲ; ಕದಡುತ್ತಲೂ ತಿಳಿಯಾಗುತ್ತಲೂ ಇರತಕ್ಕದ್ದು.

೭

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ: ಭಾಷೆಯು ತಾನೇ ತನ್ನನ್ನು ಸರಿಪಡಿಸಿಕೊಳ್ಳುವುದಾದರೆ ವ್ಯಾಕರಣವೇಕೆ, ಉಪಾಧ್ಯಾಯನೇಕೆ, ತಪ್ಪುಒಪ್ಪುಗಳ ವಿಚಾರವೇಕೆ?

ಈ ಆಕ್ಷೇಪಕ್ಕೆ ಉತ್ತರವನ್ನು ನಷ್ಟದ ಕಡೆಯಿಂದ ನೋಡಬೇಕು. ಭಾಷೆಯು ತನ್ನನ್ನು ಸರಿಪಡಿಸಿಕೊಳ್ಳುವುದು ಮುಂದಿನ ಬಳಕೆಗಾಗಿ. ಹಿಂದಿನ ಗ್ರಂಥಗಳ ಹೊಣೆಯನ್ನು ಅದು ಹೊರುವುದಿಲ್ಲ. ೞಕಾರವು ಳಕಾರದಲ್ಲಿಯೂ, ಱಕಾರವು ರಕಾರದಲ್ಲಿಯೂ ಬೆರೆತುಹೋದ ಮೇಲೆ, ಜೀವನವೆಂಬ ಅರ್ಥದ ಬಾೞ್ ಎಂಬುದೂ ಖಡ್ಗವೆಂಬ ಅರ್ಥದ ಬಾಳ್ ಎಂಬುದೂ ಒಂದೇ ಆದವು. ತಿಳಿ ಎಂಬ ಅರ್ಥದ ಅಱಿ ಮತ್ತು ಕತ್ತರಿಸು ಎಂಬ ಅರ್ಥದ ಅರಿ, ಹಾಲನ್ನು ಕಱೆ ಮತ್ತು ಹೆಸರು ಹಿಡಿದು ಕರೆ, ಮುಳುಗು ಎಂಬ ಅರ್ಥದ ಆೞ್ ಮತ್ತು ಪ್ರಭುತ್ವ ನಡೆಸು ಎಂಬ ಅರ್ಥದ ಆಳ್—ಇವುಗಳ ಭೇದವೂ ಅಳಿಯಿತು. ಆಡುವವರಿಗೆ ಇದರಿಂದ ತೊಂದರೆಯಾಗಲಿಲ್ಲ. ಸಂದರ್ಭವು ಅರ್ಥವನ್ನು ತಿಳಿಸಿತು. ಖಡ್ಗವಾಚಕವಾದ ಬಾಳು ಆಡುಮಾತಿನಿಂದ ಹಿಂದೆ ಸರಿದು ಕತ್ತಿ ಎಂಬುದು ನಿಂತಿತು. ತೊಂದರೆಯಾದುದು ಹಳೆಯ ಕಾವ್ಯಗಳನ್ನು ಓದುವವರಿಗೆ. ಪ್ರತಿಕಾರನು ತನ್ನ ನಾಲಗೆಯಲ್ಲಿ ಇಲ್ಲದ ಅಕ್ಷರವನ್ನು ತನ್ನ ಕಂಠದಿಂದ ಬಿಟ್ಟನು. ಓದುಗನು ಪ್ರಾಸವು ಕೆಟ್ಟುದನ್ನೂ ಕಾಣಲಿಲ್ಲ, ಅರ್ಥವು ಜಾರಿದುದನ್ನೂ ಕಾಣಲಿಲ್ಲ.

ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಆಯ್ದು ಪಟ್ಟಿಮಾಡಿ ಕೊಟ್ಟಿದ್ದಾನೆ. ಜನರ ಬಾಯಲ್ಲಿ ಆ ಭೇದವು ದೃಢವಾಗಿ ನಿಂತಿದ್ದರೆ ಪಟ್ಟಿಯ ಅವಶ್ಯಕತೆಯೇ ಇರುತ್ತಿರಲಿಲ್ಲ. ಕಣ್ಣೆದುರಿಗೆ ಕರಗುತ್ತಿದ್ದ ಅಕ್ಷರವೊಂದನ್ನು ಅವನು ಗ್ರಂಥದಲ್ಲಿ ಹಿಡಿದಿಟ್ಟನು. ಅವನಿಂದ ೞಕಾರವು ಉಳಿಯಲಿಲ್ಲ. ಅದರ ನೆನಪು ಉಳಿಯಿತು. ೧೮೭೨ರಲ್ಲಿ ಆ ಗ್ರಂಥವನ್ನು ಅಚ್ಚುಹಾಕಿಸಿದ ಕಿಟ್ಟೆಲರು ೧೮೯೪ರ ತಮ್ಮ ದೊಡ್ಡ ನಿಘಂಟಿನಲ್ಲಿ ಹಳೆಯ ಶಬ್ದಗಳಿಗೆ ೞಕಾರ ಱಕಾರಗಳನ್ನು ತೋರಿಸಿದುದಕ್ಕೂ, ಇಂದಿನ ವಿದ್ಯಾರ್ಥಿಯು ಬಾೞ್ ಮತ್ತು ಬಾಳ್‌ಗಳನ್ನು ಬೇರ್ಪಡಿಸಿ ಓದಲು ಸಾಧ್ಯವಾಗಿರುವುದಕ್ಕೂ ಆ ಪಟ್ಟಿಯೇ ದೊಡ್ಡ ಆಧಾರ. ವೇದದ ಸ್ವರವನ್ನು ಕಾಪಾಡಿದವರು ವೆರ್ನರನಿಗೆ ಮಾಡಿದ ಉಪಕಾರಕ್ಕೆ ಇದು ಸಮನಾದುದು.

ಆದುದರಿಂದ ವೈಯಾಕರಣನ ಕೆಲಸವು ಎರಡು ವಿಧ. ಹಿಂದಿನದನ್ನು ಕಳೆಯದಂತೆ ಬರೆದಿಡುವುದು ಒಂದು. ನಡೆಯುತ್ತಿರುವುದನ್ನು ಇರುವಂತೆ ಕಂಡು ಅದರ ಕಾರಣವನ್ನು ತಿಳಿಸುವುದು ಮತ್ತೊಂದು. ಮೊದಲನೆಯದನ್ನು ಬಿಟ್ಟರೆ ಜನಾಂಗವು ತನ್ನ ಗ್ರಂಥಗಳಿಗೆ ಪರಕೀಯವಾಗುತ್ತದೆ. ಎರಡನೆಯದನ್ನು ಬಿಟ್ಟರೆ ಗ್ರಂಥವು ಜನರಿಗೆ ಪರಕೀಯವಾಗುತ್ತದೆ. ಕೆರೆಗೆ ಏರಿಯೂ ಬೇಕು, ಕೋಡಿಯೂ ಬೇಕು. ಏರಿಯಿಲ್ಲದಿದ್ದರೆ ನೀರು ನಿಲ್ಲದು. ಕೋಡಿಯಿಲ್ಲದಿದ್ದರೆ ಏರಿಯೇ ನಿಲ್ಲದು. ಕೆರೆಯನ್ನು ಕಟ್ಟಿಸಿದವರಿಗೆ ಇದು ಗೊತ್ತಿತ್ತು. ಆದುದರಿಂದ ಅವರು ಕೋಡಿಯನ್ನು ಏರಿಯ ದೋಷವೆಂದು ಎಣಿಸಲಿಲ್ಲ.

೮

ಈ ವಿಚಾರದ ಫಲವು ಪಾಠಶಾಲೆಯಲ್ಲಿಯೇ ಹೆಚ್ಚಾಗಿ ಕಾಣಬೇಕಾಗಿದೆ. ಎಳೆಯ ಮಗುವೊಂದು ‘ಬಿದ್ದೆ’ ಎನ್ನಬೇಕಾದಲ್ಲಿ ‘ಬೀಳಿದೆ’ ಎಂದರೆ, ಅದನ್ನು ತಿದ್ದಬೇಕಾದುದು ನಿಜ. ಬಿದ್ದೆ ಎಂಬುದು ಕನ್ನಡಿಗರೆಲ್ಲರ ಒಪ್ಪಂದ. ಒಪ್ಪಂದವಿಲ್ಲದೆ ಮಾತು ನಡೆಯದು. ಆದರೆ ಆ ಮಗುವು ಅಂತಹ ರೂಪವನ್ನು ಯಾರ ಬಾಯಿಂದಲೂ ಕೇಳಿದುದಲ್ಲ. ನೂರಾರು ಕ್ರಿಯಾಪದಗಳಿಂದ ಒಂದು ಸೂತ್ರವನ್ನು ತಾನೇ ಎತ್ತಿ ಪ್ರಯೋಗಿಸಿದೆ. ಬಾೞ್ದಂ ಎಂಬುದನ್ನು ಬಾಳಿದ ಮಾಡಿದ ಪೂರ್ವಿಕರು ಮಾಡಿದುದೂ ಇದನ್ನೇ. ತಿದ್ದುವ ಉಪಾಧ್ಯಾಯನು ಇದನ್ನು ಅರಿತು ತಿದ್ದಿದರೆ, ಗದರಿಕೆಯು ತಪ್ಪಿ ಪಾಠವು ಉಳಿಯುತ್ತದೆ. ಹಾಗೆಯೇ ಆಲು ಎಂದು ಆಡುವ ಹಳ್ಳಿಯ ಹುಡುಗನಿಗೆ ಬರೆಹದಲ್ಲಿ ಹಾಲು ಎಂಬುದನ್ನು ಕಲಿಸಬೇಕು; ಆದರೆ ಅವನ ತಾಯಿಯ ಮಾತು ಕೆಟ್ಟುದೆಂದು ಕಲಿಸಬೇಕಾದ ಕಾರಣವಿಲ್ಲ. ಹಾಲು ಎಂಬುದನ್ನು ಮೊದಲು ಕೇಳಿದ ಕಾಲದಲ್ಲಿ ಪಾಲ್ ಎನ್ನುತ್ತಿದ್ದವರಿಗೂ ಅದು ಹೀಗೆಯೇ ಕೇಳಿಸಿರಬೇಕು.

ಎಣಿಕೆಯನ್ನು ಕಲಿಯುವ ಬಾಲಕನ ಪ್ರಶ್ನೆಗೂ ಇನ್ನು ಉತ್ತರವನ್ನು ಕೊಡಬಹುದು. ಒಂದೇ ಹತ್ತಿಗೆ ನಾಲ್ಕು ರೂಪಗಳಿರುವುದು ನಿಯಮವಿಲ್ಲದುದರಿಂದಲ್ಲ. ನಾಲ್ಕು ನಿಯಮಗಳು ಒಂದರ ಮೇಲೊಂದು ನಡೆದುದರಿಂದ. ಆ ರೂಪಗಳು ಇಷ್ಟು ಕಾಲ ಅಳಿಯದೆ ನಿಂತಿರುವುದು ಪಂಡಿತರು ಕಾಯ್ದುದರಿಂದಲ್ಲ. ಸಂತೆಯಲ್ಲಿ, ಕಣದಲ್ಲಿ, ಅಂಗಡಿಯಲ್ಲಿ ಜನರು ಅವುಗಳನ್ನು ದಿನವೂ ಎಣಿಸಿದುದರಿಂದ.